ಒಂಟಿಗಾಲಿಯ ನಲವತ್ತೊಂದು ಡಿಗ್ರಿ

ಇಂಡಿ
೬ ಏಪ್ರಿಲ್ ೨೦೨೫

ಶಮಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರದ ಸಾಲುಗಳನ್ನು ಬಿಟ್ಟುಬಿಡುತ್ತೇನೆ, ನೀನು ಅವನ್ನು ನಂಬುವವಳಲ್ಲ. ವಿಜಯಪುರದ ಹೋರಾಟದ ಸಭೆಯಲ್ಲಿ ನೀನು ಎದ್ದು ಹೊರಟಾಗ ನೂರು ಜನರೆದುರು ನಿನ್ನನ್ನು ಹೇಡಿ ಎಂದು ಕೂಗಿದವಳು ನಾನೇ. ಇವತ್ತು ಹೆದರಿ ಬರೆಯುತ್ತಿರುವವಳೂ ನಾನೇ. ನಗಬೇಕೆನಿಸಿದರೆ ನಕ್ಕುಬಿಡು, ಆಮೇಲೆ ಓದು.

ಹೊರ್ತಿಯ ಆಚೆ ಸೋಲಾರ್ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಕಣ್ಣು ಹಾಯುವವರೆಗೆ ಪ್ಲೇಟು ಹಾಸಿದ್ದಾರೆ. ಸಾಲುಗಳ ನಡುವೆ ಬೈಕು ಹೋಗುವುದಿಲ್ಲ, ನಡೆದರೆ ದಿನ ಸಾಲುವುದಿಲ್ಲ. ಅದಕ್ಕೆ ನಮಗೆ ಹದಿನಾಲ್ಕು ಹೆಂಗಸರಿಗೆ ಒಂದೇ ಗಾಲಿಯ ಕರೆಂಟ್ ಗಾಡಿ ಕೊಟ್ಟಿದ್ದಾರೆ. ನಾವು ಅದಕ್ಕೆ ಒಂಟಿಗಾಲಿ ಅನ್ನುತ್ತೇವೆ. ಹ್ಯಾಂಡಲ್ ಇಲ್ಲ, ಸೀಟಿಲ್ಲ. ಗಾಲಿಯ ಎರಡೂ ಬದಿಗೆ ಪಾದ ಹಿಡಿಯುವಷ್ಟು ಹಲಗೆ. ನಿಂತು ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ನಮ್ಮನ್ನು ಬೀಳದಂತೆ ಹಿಡಿದಿರುವುದು ಒಳಗಿನ ಮೋಟಾರೊಂದೇ. ಒಡೆದ ಪ್ಲೇಟು, ಹಕ್ಕಿಯ ಹೊಲಸು, ಸುಟ್ಟ ವೈರು ನೋಡುತ್ತ ದಿನವೆಲ್ಲ ಅದರ ಮೇಲೆ ಸುತ್ತುತ್ತೇವೆ.

ಗಾಡಿಯ ನೆತ್ತಿಯ ಮೇಲೆ ಎರಡು ಬೆರಳಗಲದ ಗಾಜಿದೆ. ಗಾಡಿ ಎಷ್ಟು ಬಿಸಿಯಾಗಿದೆ ಎಂಬ ಅಂಕಿ ಅದರಲ್ಲಿ ಬರುತ್ತದೆ. ಹದಿನೈದು ದಿನದಿಂದ ಆ ಅಂಕಿಗೆ ಹುಚ್ಚು ಹಿಡಿದಿದೆ. ಐವತ್ತೆರಡು, ಎಂಬತ್ತೆಂಟು, ಮೂವತ್ತೇಳು, ತೊಂಬತ್ತೊಂದು. ಇದೆಲ್ಲ ಒಂದು ನಿಮಿಷದೊಳಗೆ. ಎಂಬತ್ತು ದಾಟಿತೆಂದರೆ ಗಾಡಿ ಕಿರಿಚುತ್ತದೆ, ಹಲಗೆಯ ಮುಂಭಾಗ ತಾನಾಗಿ ಎದ್ದು ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಇಂಗಳೇಶ್ವರದ ಪಲ್ಲವಿ, ಇನ್ನೂ ಇಪ್ಪತ್ತೆರಡರವಳು, ಮೊನ್ನೆ ಹಾಗೆಯೇ ಬಿದ್ದು ಮೊಣಕೈ ತರಚಿಕೊಂಡಳು. ಸೂಪರ್‌ವೈಸರ್ ಧರ್ಮರಾಜ ಬಂದು ನಿಂತು, "ಗಾಡಿ ಚೀರಿದ್ರ ನೀವೂ ಚೀರತೀರಿ. ಯಾರ ಚಟ ಯಾರಿಗೆ ಹತ್ತೇತಿ?" ಎಂದು ನಕ್ಕ.

ಫೋನ್ ಯಾಕೆ ಮಾಡಲಿಲ್ಲ ಅನ್ನುತ್ತೀ. ಹಾಜರಿಗೆಂದು ನಮ್ಮ ಫೋನುಗಳಲ್ಲಿ ಕಂಪನಿಯ ಆ್ಯಪ್ ಹಾಕಿಸಿದ್ದಾರೆ. ತಾನು ಬಿದ್ದದ್ದನ್ನು ಪಲ್ಲವಿ ನಮ್ಮ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಬರೆದಳು. ಸಂಜೆಯೊಳಗೆ ಧರ್ಮರಾಜ ಅದೇ ಸಾಲನ್ನು ಅವಳಿಗೇ ಓದಿ ಹೇಳಿದ. ಆ್ಯಪ್ ಓದಿತೋ, ನಮ್ಮೊಳಗಿನವರೇ ತೋರಿಸಿದರೋ, ಗೊತ್ತಿಲ್ಲ. ಅಂದಿನಿಂದ ಹದಿನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದಿಲ್ಲ. ಅದಕ್ಕೆ ಈ ಕಾಗದ. ಇಂಡಿ-ಸಿಂದಗಿ ಬಸ್ಸಿನ ಕಂಡಕ್ಟರ್ ಸೋಮನಿಂಗ ಕಾಕಾ ನಿನ್ನ ಕೈಗೇ ಕೊಡುತ್ತೇನೆಂದಿದ್ದಾರೆ.

ನೀನು ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತೀಯಂತೆ. ಈ ಅಂಕಿ ನಿಜವೋ ಸುಳ್ಳೋ, ಅಷ್ಟು ಹೇಳು. ನಿಜವಾದರೆ ನಮ್ಮ ಕಾಲ ಕೆಳಗೆ ಬೆಂಕಿಯಿದೆ. ಸುಳ್ಳಾದರೆ ನಿಜವಾದ ಬಿಸಿ ಎಷ್ಟೆಂದು ಯಾರಿಗೂ ಗೊತ್ತಿಲ್ಲ.

ಉತ್ತರ ಬರದಿದ್ದರೆ ಯಾಕೆಂದು ಕೇಳುವುದಿಲ್ಲ.

ರೇಣುಕಾ


ಸಿಂದಗಿ
೧೦ ಏಪ್ರಿಲ್

ರೇಣುಕಾ,

ನಕ್ಕೆ. ಎರಡು ಸಲ ನಕ್ಕೆ. ಈಗ ಕೆಲಸಕ್ಕೆ ಬರೋಣ.

ಸೋಮನಿಂಗ ಕಾಕಾ ಪಾಕೀಟು ಕೈಗಿಟ್ಟು, "ಏನವಾ ತಂಗಿ, ಇದಕ್ಕ ಅರ್ಧ ಟಿಕೆಟ್ ಹರೀಬೇಕೋ ಪೂರಾ ಟಿಕೆಟ್ಟೋ?" ಅಂದರು. "ಪೂರಾ ಹರೀರಿ ಕಾಕಾ, ಒಳಗ ದೊಡ್ಡ ಬಾಯಿಯಾಕಿ ಕುಂತಾಳ" ಅಂದೆ.

ಅಂತಹ ಗಾಡಿ ನಾನು ಕಣ್ಣಿಂದ ಕಂಡಿಲ್ಲ. ಆದರೆ ಮೋಟಾರ್ ಮೋಟಾರೇ. ಬಿಸಿ ನೋಡುವ ಸೆನ್ಸರ್ ಅಂದರೆ ಜೋಳದ ಕಾಳಿನಷ್ಟು ಒಂದು ಮಣಿ, ಅದಕ್ಕೆ ಕೂದಲೆಳೆಯಂಥ ಎರಡು ತಂತಿ. ಬಿಸಿ ಏರಿದಂತೆ ಆ ಮಣಿ ತನ್ನೊಳಗೆ ಕರೆಂಟನ್ನು ಹೆಚ್ಚು ಹೆಚ್ಚು ಬಿಡುತ್ತದೆ. ಎಷ್ಟು ಬಿಟ್ಟಿತು ಎಂಬುದನ್ನು ಅಳೆದು ಗಾಡಿಯೊಳಗಿನ ಬೋರ್ಡು ಇಷ್ಟು ಡಿಗ್ರಿ ಎಂದು ಲೆಕ್ಕ ಹಾಕುತ್ತದೆ. ಬೋರ್ಡಿಗೆ ಕಣ್ಣಿಲ್ಲ, ಚರ್ಮವಿಲ್ಲ. ಮಣಿ ಹೇಳಿದ್ದೇ ಅದಕ್ಕೆ ಸತ್ಯ.

ಇದೊಂದು ಮಾತು ಹಿಡಿದುಕೋ. ಬಿಸಿ ಜಿಗಿಯುವುದಿಲ್ಲ. ಒಲೆಯ ಮೇಲಿನ ಹಂಚು ಕಾಯುವ ಹಾಗೆ ಏರುತ್ತದೆ, ಹಾಗೆಯೇ ಇಳಿಯುತ್ತದೆ. ಅಷ್ಟು ಕಬ್ಬಿಣ, ಅಷ್ಟು ತಾಮ್ರ ಒಂದು ನಿಮಿಷದಲ್ಲಿ ಎಂಬತ್ತೆಂಟರಿಂದ ಮೂವತ್ತೇಳಕ್ಕೆ ಇಳಿಯಲು ಸಾಧ್ಯವೇ ಇಲ್ಲ. ಅಂದರೆ ನಿನ್ನ ಅಂಕಿ ಸುಳ್ಳು. ಮಣಿಗೂ ಬೋರ್ಡಿಗೂ ನಡುವೆ ಎಲ್ಲೋ ತಪ್ಪಿದೆ. ತಂತಿ ಸಡಿಲ, ಇಲ್ಲವೇ ತಂತಿ ಕೂಡುವ ಜಾಗದಲ್ಲಿ ಮಣ್ಣು, ತುಕ್ಕು, ನೀರು.

ಏನೂ ಬಿಚ್ಚಬೇಡ. ನಾಲ್ಕು ದಿನ ಬರಿ ಬರೆದಿಡು. ಬೆಳಗ್ಗೆ ಗಾಡಿ ಹೊರಡುವ ಮೊದಲು ಅಂಕಿ ಎಷ್ಟು? ಆಗ ಅದು ಹೊರಗಿನ ಹವೆಯಷ್ಟೇ ಇರಬೇಕು. ಗಾಡಿ ನಿಂತಾಗಲೂ ಜಿಗಿಯುತ್ತದೆಯೇ, ಓಡುವಾಗ ಮಾತ್ರವೇ? ಬದಿಯ ಕವಚದ ಮೇಲೆ ಅಂಗೈಯಿಟ್ಟು ನೋಡು. ಕೈ ಹೇಳುವುದೂ ಗಾಜು ಹೇಳುವುದೂ ಒಂದೇನಾ? ಎಲ್ಲಿಂದಾದರೂ ನೀರು ತಾಗುತ್ತದೆಯೇ?

ಅಲ್ಲಿಯವರೆಗೆ ಮೆಲ್ಲಗೆ ಹೋಗು. ಬೈಯುವವರು ಬೈಯಲಿ.

ಶಮಾ


ಇಂಡಿ
೧೭ ಏಪ್ರಿಲ್

ಶಮಾ,

ನೀನು ಹೇಳಿದಂತೆ ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದು ಕುಪ್ಪಸದಲ್ಲಿ ಇಟ್ಟುಕೊಂಡು ತಿರುಗಿದೆ. ಬೆಳಗ್ಗೆ ಆರಕ್ಕೆ ಇಪ್ಪತ್ತೊಂಬತ್ತು. ಹವೆಯೂ ಅಷ್ಟೇ. ಒಂಬತ್ತರವರೆಗೆ ಅಂಕಿ ಶಾಲೆಗೆ ಹೋಗುವ ಮಗುವಿನಂತೆ ನೆಟ್ಟಗಿರುತ್ತದೆ. ಹತ್ತರ ಮೇಲೆ ಕುಣಿತ ಶುರು. ನಿಂತಾಗಲೂ ಜಿಗಿಯುತ್ತದೆ. ಗಾಜಿನಲ್ಲಿ ತೊಂಬತ್ತು ಇರುವಾಗ ಕವಚದ ಮೇಲೆ ಕೈಯಿಟ್ಟೆ, ಆರಾಮಾಗಿ ಇಡುವಷ್ಟು ತಣ್ಣಗಿತ್ತು.

ಇಲ್ಲಿ ನೀರೆಲ್ಲಿಂದ ಬಂತು ತಾಯಿ? ಮಳೆ ಬಿದ್ದು ಎಷ್ಟು ತಿಂಗಳಾಯಿತು. ನಾವೇ ನೀರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ತಿರುಗುತ್ತೇವೆ. ಗಾಡಿಗೂ ಹಾಗೆಯೇ ಹಳೆ ಸೀರೆಯ ತುಂಡು ಸುತ್ತುತ್ತೇವೆ, ಪಾಪ ಅದೂ ಬಿಸಿಲಲ್ಲೇ ದುಡಿಯುತ್ತದಲ್ಲ. ಪ್ಲೇಟು ತೊಳೆಯುವ ನಲ್ಲಿಯ ಹತ್ತಿರ ಬಂದಾಗೆಲ್ಲ ನೆನೆಸಿಕೊಳ್ಳುತ್ತೇವೆ. ಚೀರಿದಷ್ಟೂ ಹೆಚ್ಚು ನೆನೆಸುತ್ತೇವೆ. ಹಾಗಿದ್ದೂ ಚೀರುತ್ತದೆ.

ಪಲ್ಲವಿ ಮತ್ತೆ ಬಿದ್ದಳು. ಈ ಸಲ ಬೆನ್ನಿಗೆ ಪ್ಲೇಟಿನ ಕಂಬ ತಾಗಿತು. "ಅಕ್ಕಾ, ಕೆಲಸ ಬಿಡತೇನಿ ಅಂದ್ರ ಮನ್ಯಾಗ ನಾಳೇನ ಗಂಡಿಗೆ ತೋರಸ್ತಾರ. ಇದರ ಮ್ಯಾಲಿಂದ ಬಿದ್ದರ ಎದ್ದ ನಿಂದ್ರಬಹುದು" ಅಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ. ಒಂಬತ್ತೂ ಮುಕ್ಕಾಲಾದರೆ ಏನಾದರೂ ನೆಪ ಹುಡುಕಿ ಗಾಡಿಯಿಂದ ಇಳಿಯುತ್ತೇನೆ. ಪೊಲೀಸ್ ಲಾಠಿಯೆದುರು ಹಿಂದೆ ಸರಿಯದವಳು ನಾನು, ಶಮಾ.

ವಾರದೊಳಗೆ ಕಂಪನಿಯ ಮೆಕ್ಯಾನಿಕ್ ಬರುತ್ತಾನಂತೆ.

ರೇಣುಕಾ


ಸಿಂದಗಿ
೨೦ ಏಪ್ರಿಲ್

ಹುಚ್ಚಿ,

ಮೊದಲು ಆ ಬಟ್ಟೆ ಕಿತ್ತೊಗೆ.

ತಂತಿ ಕೂಡುವ ಜಾಗ ಹಲಗೆಯ ಹತ್ತಿರ, ಕವಚದ ಕೆಳಗೇ ಇರುತ್ತದೆ. ನಿಮ್ಮ ಒದ್ದೆ ಸೀರೆ ಸರಿಯಾಗಿ ಅದರ ಮೇಲೆ ಕೂತಿದೆ. ಪ್ಲೇಟು ತೊಳೆಯುವ ಬೋರಿನ ನೀರು ಉಪ್ಪುಪ್ಪು. ಅದು ಆ ಎರಡು ತಂತಿಗಳ ನಡುವೆ ಇಳಿದರೆ ಕರೆಂಟು ಮಣಿಯಲ್ಲಷ್ಟೇ ಅಲ್ಲದೆ ನೀರಿನಲ್ಲೂ ಹಾಯುತ್ತದೆ. ಇಷ್ಟು ಕರೆಂಟು ಬಂತೆಂದರೆ ಭಾರಿ ಬಿಸಿ ಎಂದೇ ಬೋರ್ಡು ತಿಳಿಯುತ್ತದೆ. ಚೀರಿತೆಂದು ನೀವು ನೀರು ಹಾಕಿದಿರಿ. ನೀರು ಹಾಕಿದ್ದಕ್ಕೆ ಅದು ಚೀರಿತು. ಬಾಟಲಿಗೆ ಮಾಡುವ ಅಂತಃಕರಣವನ್ನು ಕರೆಂಟಿಗೆ ಮಾಡಿದಿರಿ.

ನಿಮ್ಮನ್ನು ಬೈಯುತ್ತಿಲ್ಲ. ಏಪ್ರಿಲ್ ಬಿಸಿಲಿಗೆ ನೀರು ಒಳಗೆ ಹೋಗದಂತೆ ಮುಚ್ಚದ ಗಾಡಿ ಕೊಟ್ಟವನು, ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಒಂದು ಮಾತೂ ಹೇಳದವನು, ಅವನನ್ನು ಯಾರು ಬೈಯಬೇಕು?

ಆ ಜಾಗವನ್ನು ಒಣಗಿಸಿ, ಹಲ್ಲುಜ್ಜುವ ಬ್ರಶ್ಶಿನಿಂದ ಉಪ್ಪು ಉದುರಿಸಿ, ಮೇಲೆ ನೀರು ತಡೆಯುವ ಸಿಲಿಕೋನ್ ಅಂಟು ಮೆತ್ತು. ಕೊಳವೆ ಕಳಿಸಿದ್ದೇನೆ. ಹದಿನಾಲ್ಕಕ್ಕೂ ಸಾಕಾಗುತ್ತದೆ.

ಮತ್ತೆ ಕೇಳು. ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಲ್ಲು. ಚೀರುವ ಗಾಡಿಯನ್ನು ರಿಪೇರಿ ಮಾಡುವುದು ಬೇರೆ, ಅದರ ಬಾಯಿ ಮುಚ್ಚುವುದು ಬೇರೆ.

ಶಮಾ


ಇಂಡಿ
೨೫ ಏಪ್ರಿಲ್

ಶಮಾ,

ನನ್ನ ಗಾಡಿಯ ಬಟ್ಟೆ ತೆಗೆದೆ, ಒಣಗಿಸಿದೆ, ಮೆತ್ತಿದೆ. ಎರಡು ದಿನ ಅಂಕಿ ಹಂಚಿನಂತೆ ಏರಿತು, ಹಂಚಿನಂತೆ ಇಳಿಯಿತು. ಒಮ್ಮೆಯೂ ಚೀರಲಿಲ್ಲ. ಉಳಿದವರು ಮಾತ್ರ, "ಬಟ್ಟಿ ಬಿಚ್ಚಿದ್ರ ಸುಟ್ಟ ಬೂದಿ ಆಗತೇತಿ" ಎಂದು ಮತ್ತೊಂದು ಸುತ್ತು ಬಿಗಿದರು. ಹದಿಮೂರು ಜನರನ್ನು ಒಪ್ಪಿಸಲು ಎರಡು ದಿನ ಸಾಲಲಿಲ್ಲ.

ಮೂರನೆಯ ದಿನ ಮೆಕ್ಯಾನಿಕ್ ಬಂದ. ನಮ್ಮನ್ನೆಲ್ಲ ಗೇಟಿನ ಹೊರಗೆ ಕೂಡಿಸಿದರು. ಅರ್ಧ ತಾಸಿನಲ್ಲಿ ಹದಿನಾಲ್ಕೂ ಗಾಡಿ ರೆಡಿ ಅಂದ. ನಾನು, "ಸರ್ರ, ನನ್ನ ಗಾಡಿ ಚಲೋ ಇತ್ತರಿ, ಅದನ್ಯಾಕ ಬಿಚ್ಚಿದ್ರಿ?" ಅಂದೆ. "ಎಲ್ಲಾವೂ ಒಂದಽ ನಮೂನಿ ಇರಬೇಕಂತ ಆರ್ಡರ್ ಐತಿ ಬಾಯಿ" ಅಂದ.

ಈಗ ಯಾವ ಗಾಡಿಯೂ ಚೀರುವುದಿಲ್ಲ. ಪಲ್ಲವಿ ಊರಿಂದ ತಂದ ಪೇಡೆ ಹಂಚಿ, "ಅಕ್ಕಾ, ನಿನಗ ಕಾಗದ ಬರಿಯಾಕಿಗಿಂತ ಇವ ಶಾಣ್ಯಾ" ಎಂದು ನನ್ನನ್ನು ಕಿಚಾಯಿಸಿದಳು.

ಆದರೆ ನನ್ನ ಗಾಡಿ ಇವತ್ತು ಬೆಳಗ್ಗೆ ಆರಕ್ಕೆ ನಲವತ್ತೊಂದು ತೋರಿಸಿತು. ಹೊರಗೆ ತಣ್ಣನೆ ಗಾಳಿಯಿತ್ತು. ಪಲ್ಲವಿಯದನ್ನು ನೋಡಿದೆ, ನಲವತ್ತೊಂದು. ಸಾಲಾಗಿ ನೋಡುತ್ತ ಹೋದೆ. ಹದಿನಾಲ್ಕೂ ನಲವತ್ತೊಂದು. ಮಧ್ಯಾಹ್ನ ಎರಡಕ್ಕೆ ಕವಚ ಮುಟ್ಟಿದೆ, ಅಂಗೈ ಚುರುಕ್ ಎಂದು ಬೊಬ್ಬೆ ಎದ್ದಿತು. ಗಾಜಿನಲ್ಲಿ ನಲವತ್ತೊಂದು.

ಚೀರುವಾಗ ಇಷ್ಟು ಹೆದರಿರಲಿಲ್ಲ. ಬೇಗ ಬರೆ.

ರೇಣುಕಾ


ಸಿಂದಗಿ
೨೬ ಏಪ್ರಿಲ್

ರೇಣು,

ಇಳಿ. ಎಲ್ಲರನ್ನೂ ಇಳಿಸು.

ಆ ಮೆಕ್ಯಾನಿಕ್ ಮಣಿಯನ್ನು ಕಿತ್ತು, ಅದರ ಜಾಗಕ್ಕೆ ನಾಲ್ಕಾಣೆಯ ರೆಸಿಸ್ಟರ್ ಬೆಸೆದಿದ್ದಾನೆ. ಬಿಸಿಯಾದರೂ ತಣ್ಣಗಾದರೂ ಅದು ಬಿಡುವ ಕರೆಂಟು ಒಂದೇ. ಬೋರ್ಡಿಗೆ ಇನ್ನು ಜನ್ಮಪೂರ್ತಿ ನಲವತ್ತೊಂದೇ. ಒಳಗೆ ನೂರಿಪ್ಪತ್ತಾದರೂ ನಲವತ್ತೊಂದೇ. ಏರು ದಾರಿಯಲ್ಲಿ, ಬಿಸಿಲಲ್ಲಿ, ಮೋಟಾರಿಗೆ ಕರೆಂಟು ಬಿಡುವ ಬೋರ್ಡಿನ ಸ್ವಿಚ್ಚುಗಳು ಸುಟ್ಟುಹೋಗುತ್ತವೆ. ಆಗ ಚೀರುವುದಿಲ್ಲ, ಹಿಂದಕ್ಕೆ ತಳ್ಳುವುದಿಲ್ಲ. ಮೋಟಾರ್ ಸತ್ತುಹೋಗುತ್ತದೆ. ನಿಂತವಳು ಮುಖ ಮುಂದಾಗಿ ಬೀಳುತ್ತಾಳೆ, ಕೈ ಚಾಚಲೂ ಹೊತ್ತಿರುವುದಿಲ್ಲ.

ಮೊದಲು ಅದು ಸುಳ್ಳು ಹೇಳಿ ನಿಮ್ಮನ್ನು ಉಳಿಸುತ್ತಿತ್ತು. ಈಗ ಸುಮ್ಮನಿದ್ದು ಕೊಲ್ಲುತ್ತದೆ.

ಸೋಮನಿಂಗ ಕಾಕಾರ ಬಸ್ಸು ಹಾರ್ನ್ ಹೊಡೆಯುತ್ತಿದೆ. ಇಷ್ಟೇ.

ಶಮಾ


ಇಂಡಿ
೯ ಮೇ

ಶಮಾ,

ನಿನ್ನ ಆ ಕಾಗದಕ್ಕೂ ಆಮೇಲೆ ಬಂದ ಎರಡಕ್ಕೂ ಉತ್ತರ ಕೊಡಲಿಲ್ಲ. ಕೊಡಲು ಆಗಲಿಲ್ಲ.

"ಇಳಿಸು" ಎಂದ ಕಾಗದ ೨೭ರ ಸಂಜೆಯೇ ಕೈಗೆ ಬಂತು. ೨೮ರ ಬೆಳಗ್ಗೆ ಹಾಜರಿಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದೆವು. ಧರ್ಮರಾಜ ಎದುರಿಗೇ ಇದ್ದ. ಕಾಗದ ನನ್ನ ಸೊಂಟದಲ್ಲಿತ್ತು. ಪಲ್ಲವಿ ಪಕ್ಕದಲ್ಲೇ ಇದ್ದಳು, ನನ್ನ ಭುಜಕ್ಕೆ ಭುಜ ತಾಗುತ್ತಿತ್ತು. ಈಗ ಹೇಳಿದರೆ ಅವನು ಕಾಗದ ಕಸಿಯುತ್ತಾನೆ, ಯಾರು ಬರೆದರೆಂದು ಕೇಳುತ್ತಾನೆ, ಗೇಟಿನ ಹೊರಗೆ ಹಾಕುತ್ತಾನೆ. ಎಂಟೂವರೆಯ ಚಹಾಕ್ಕೆ ಎಲ್ಲರೂ ಒಟ್ಟಿಗೆ ಸಿಗುತ್ತಾರಲ್ಲ, ಆಗ ಹೇಳಿದರಾಯಿತು ಅಂದುಕೊಂಡೆ.

ಪಲ್ಲವಿಯ ಗಾಡಿ ಎಂಟಕ್ಕೇ ನಿಂತಿತು. ಗುಡ್ಡದ ಕಡೆಯ ಏರು ಸಾಲಿನಲ್ಲಿ.

ದವಡೆ ಮುರಿದಿದೆ, ಎಡಗೈ ಮಣಿಕಟ್ಟು ಎರಡು ಕಡೆ ಒಡೆದಿದೆ. ವಿಜಯಪುರದ ಆಸ್ಪತ್ರೆಯಲ್ಲಿದ್ದಾಳೆ. ದವಡೆ ಕೂಡಲೆಂದು ಬಾಯಿಗೆ ತಂತಿ ಹಾಕಿದ್ದಾರೆ, ಮಾತಾಡಲು ಆಗುವುದಿಲ್ಲ. ನೋಡಲು ಹೋದಾಗ ಬಲಗೈಯಿಂದ ಕಾಗದದ ಮೇಲೆ, "ಅಕ್ಕಾ ಗಾಡಿ ಚೀರಲೇ ಇಲ್ಲ" ಎಂದು ಬರೆದಳು. ನನಗೆ ಗೊತ್ತಿತ್ತು ಎಂದು ಹೇಳಲಿಲ್ಲ. ಇನ್ನೂ ಹೇಳಿಲ್ಲ. ಸಭೆಯಲ್ಲಿ ನಿನಗೆ ಅಂದ ಮಾತು ಈಗ ನನ್ನ ಹಲ್ಲಿನ ಸಂದಿಯಲ್ಲೇ ಸಿಕ್ಕಿಕೊಂಡಿದೆ.

ಉಳಿದದ್ದು ಕೇಳು. ಕಂಪನಿ ವಿಚಾರಣೆ ಮಾಡಿತು. ಗೋದಾಮಿನಲ್ಲಿ ನಮ್ಮ ಸೀರೆಯ ತುಂಡುಗಳು ಸಿಕ್ಕವು. "ಸಿಬ್ಬಂದಿ ವಾಹನಕ್ಕೆ ನೀರು ಹಾಕಿ ಹಾಳು ಮಾಡಿದ್ದಾರೆ" ಎಂದು ಬರೆದು ಸಹಿ ಕೇಳುತ್ತಿದ್ದಾರೆ. ಸುಳ್ಳೆನ್ನಲು ಬರುವುದಿಲ್ಲ, ನೀರು ಹಾಕಿದ್ದು ನಿಜ. ನಾನು ರೆಸಿಸ್ಟರ್ ಎಂದು ಬಾಯಿ ತೆರೆದರೆ ಧರ್ಮರಾಜ, "ಮದಲ ಬಟ್ಟಿ ಕಟ್ಟಿದ್ದು ಯಾರವಾ? ನಿಮ್ಮವ್ವನೇನು?" ಅನ್ನುತ್ತಾನೆ. ನಮ್ಮ ಹೆಂಗಸರೋ, "ರೇಣವ್ವಾ, ನಿನ್ನ ಕಾಲಿಗೆ ಬೀಳತೇವಿ, ಬಟ್ಟಿ ಸುದ್ದಿ ಎತ್ತಬ್ಯಾಡ. ಇಲ್ಲ ಅಂದಬಿಡೂನು" ಅನ್ನುತ್ತಾರೆ.

ಪಲ್ಲವಿಯ ಗಾಡಿಯ ಕವಚ ಒಡೆದು, ತಂತಿಯ ಜೊತೆ ಮೆಕ್ಯಾನಿಕ್ ಬೆಸೆದ ತುಣುಕೂ ಹೊರಬಂದಿತ್ತು. ಜನ ಅವಳನ್ನು ಎತ್ತುವಾಗ ಆ ತುಣುಕನ್ನು ಹರಿದು ಬಾಯಲ್ಲಿಟ್ಟುಕೊಂಡೆ. ಈ ಪಾಕೀಟಿನಲ್ಲಿದೆ. ಅಂದಿನಿಂದ ನಿಲ್ಲಿಸಿದ್ದ ಉಳಿದ ಹದಿಮೂರು ಗಾಡಿಗಳನ್ನು ನಿನ್ನೆ ಟೆಂಪೋದಲ್ಲಿ ತುಂಬಿಸಿ ಕಳಿಸಿದರು. ರಿಪೇರಿಗೆ ಅಂದುಕೊಂಡೆವು. ಡ್ರೈವರ್ ಹೇಳಿದ, ಮುದ್ದೇಬಿಹಾಳದ ಕಡೆಯ ಹೊಸ ಪ್ಲಾಂಟಿಗಂತೆ. ಅಲ್ಲಿ ಹೊಸ ಹುಡುಗಿಯರನ್ನು ತಗೊಂಡಿದ್ದಾರಂತೆ. ಹದಿನೇಳಕ್ಕೆ ಶುರುವಂತೆ.

ನನಗೆ ತಲೆ ಓಡುತ್ತಿಲ್ಲ.

ರೇಣುಕಾ


ಸಿಂದಗಿ
೧೨ ಮೇ

ರೇಣು,

ತುಣುಕನ್ನು ತಣ್ಣೀರಿನಲ್ಲಿಟ್ಟು ಮೀಟರ್ ಹಿಡಿದೆ, ಕುದಿಯುವ ನೀರಿನಲ್ಲಿಟ್ಟು ಹಿಡಿದೆ. ಎರಡರಲ್ಲೂ ಮುಳ್ಳು ಒಂದೇ ಅಂಕಿಯ ಮೇಲೆ ನಿಂತಿತು. ಅಂಗಡಿಗೆ ಬಂದಿದ್ದ ಮೂವರು ರೈತರು ನೋಡಿದರು, ಹೆಸರು ಬರೆಸಿ ಸಹಿ ತಗೊಂಡಿದ್ದೇನೆ. ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ. ನನ್ನಲ್ಲಿಗೆ ಬರುವ ಮೋಟಾರುಗಳಲ್ಲಿ ಅರ್ಧದಷ್ಟು ಆ ಕಂಪನಿಯ ನೀರಿನ ಪಂಪುಗಳೇ, ಇನ್ನು ಅವು ಬರಲಿಕ್ಕಿಲ್ಲ. ಅದನ್ನು ನಿನಗೆ ಹೇಳಬಾರದೆಂದಿದ್ದೆ.

ಬಟ್ಟೆಯನ್ನು ಮುಚ್ಚಿಡಬೇಡ. ಒಂದು ಸುಳ್ಳು ಹೇಳಿದರೆ ಅದನ್ನೇ ಹಿಡಿದು ನಿನ್ನ ಸತ್ಯವನ್ನೂ ಚರಂಡಿಗೆ ಹಾಕುತ್ತಾರೆ. ಬಟ್ಟೆ ಕಟ್ಟಿದ್ದಕ್ಕೆ ಗಾಡಿ ಚೀರಿತು. ಚೀರುವುದನ್ನು ನಿಲ್ಲಿಸಿದ್ದಕ್ಕೆ ಪಲ್ಲವಿ ಬಿದ್ದಳು. ಎರಡನ್ನೂ ಬರೆ, ಎರಡರ ನಡುವೆ ಯಾರ ಕೈ ಇದೆ ಎಂದೂ ಬರೆ.

ಕಾರ್ಮಿಕ ಇಲಾಖೆ, ಪೊಲೀಸು, ಆಸ್ಪತ್ರೆಯ ಕಾಗದ, ಅದೆಲ್ಲ ಆಮೇಲೆ. ಅವರು ಉತ್ತರಿಸುವಷ್ಟರಲ್ಲಿ ಹದಿನೇಳು ಬಂದುಹೋಗುತ್ತದೆ. ಮುದ್ದೇಬಿಹಾಳದ ಆ ಹುಡುಗಿಯರಿಗೆ ಮೊದಲು ಬರೆ. ಪ್ಲಾಂಟಿನ ಗೇಟಿನೆದುರು ನನ್ನ ಚಿಕ್ಕಮ್ಮ ದಾವಲಬಿಯ ಚಹಾದಂಗಡಿ ಇದೆ. ಓದು ಬರದ ಹೆಂಗಸು, ಆದರೆ ಯಾರ ಕೈಗೆ ಏನು ಕೊಡಬೇಕೆಂಬುದು ಗೊತ್ತು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ನಾನೇ ಒಯ್ಯುತ್ತೇನೆ.

ಸಭೆಯಿಂದ ಆ ದಿನ ಯಾಕೆ ಎದ್ದು ಹೋದೆ ಎಂದು ನೀನು ಇವತ್ತಿಗೂ ಕೇಳಿಲ್ಲ. ಈಗಲೂ ಕೇಳಬೇಡ. ಪಲ್ಲವಿಗೆ ಮಾತ್ರ ಹೇಳು. ಅವಳು ಬಯ್ಯಲಾರಳು, ಬಾಯಿಗೆ ತಂತಿಯಿದೆ. ಅದಕ್ಕೇ ಈಗಲೇ ಹೇಳುವುದು ನಿನಗೆ ಕಷ್ಟ. ಅದಕ್ಕೇ ಈಗಲೇ ಹೇಳಬೇಕು.

ಶಮಾ


ಇಂಡಿ
೧೫ ಮೇ ೨೦೨೫

ಮುದ್ದೇಬಿಹಾಳದ ಪ್ಲಾಂಟಿಗೆ ಹೊಸದಾಗಿ ಸೇರಿದ ಅಕ್ಕತಂಗಿಯರೇ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಹೆಸರೂ ನನಗೆ ತಿಳಿಯದು. ನಿಮಗೆ ಹದಿನೇಳನೆಯ ತಾರೀಖು ಒಂದೇ ಗಾಲಿಯ ಗಾಡಿ ಕೊಡುತ್ತಾರೆ. ಅವು ನಾವು ಓಡಿಸಿದ ಗಾಡಿಗಳು. ಹದಿನಾಲ್ಕಿದ್ದವು, ನಿಮ್ಮಲ್ಲಿಗೆ ಹದಿಮೂರು ಬಂದಿವೆ. ಹದಿನಾಲ್ಕನೆಯದರ ಕಥೆ ಇದು.

ನಾವು ಗಾಡಿ ತಂಪಾಗಲೆಂದು ಒದ್ದೆ ಬಟ್ಟೆ ಸುತ್ತಿದೆವು. ನೀರು ಒಳಗಿಳಿದು ಬಿಸಿಯ ಅಂಕಿ ಹುಚ್ಚುಹುಚ್ಚಾಗಿ ಕುಣಿಯಿತು. ಅದು ನಮ್ಮ ತಪ್ಪು, ತಿಳಿಯದೆ ಮಾಡಿದ ತಪ್ಪು. ನೀವು ಮಾಡಬೇಡಿ. ಅದನ್ನು ಒಣಗಿಸಿದ್ದರೆ ಸಾಕಿತ್ತು. ಕಂಪನಿಯವರು ಬಿಸಿ ನೋಡುವ ಮಣಿಯನ್ನೇ ಕಿತ್ತುಹಾಕಿ, ಯಾವಾಗಲೂ ಒಂದೇ ಅಂಕಿ ತೋರಿಸುವ ತುಣುಕು ಹಾಕಿದರು. ಅದು ತಿಳಿದು ಮಾಡಿದ್ದು. ಆ ಗಾಡಿ ಏರಿನಲ್ಲಿ ಸುಟ್ಟು ನಿಂತು, ಇಂಗಳೇಶ್ವರದ ಪಲ್ಲವಿ ಎಂಬ ಹುಡುಗಿ ದವಡೆ ಮುರಿದುಕೊಂಡು ಮಲಗಿದ್ದಾಳೆ.

ನನಗೆ ಹಿಂದಿನ ದಿನವೇ ಗೊತ್ತಾಗಿತ್ತು. ಸೂಪರ್‌ವೈಸರ್ ಎದುರಿಗಿದ್ದನೆಂದು ಹೆದರಿ ಸುಮ್ಮನಿದ್ದೆ. ನಿನ್ನೆ ಆಸ್ಪತ್ರೆಗೆ ಹೋಗಿ ಅವಳಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಕೈಸನ್ನೆಯಿಂದ ಕಾಗದ ಕೇಳಿ, "ಅವರಿಗೆ ಹೇಳು" ಎಂದು ಬರೆದಳು. ಅವರು ಅಂದರೆ ನೀವು.

ಹದಿನೇಳರ ಬೆಳಗ್ಗೆ ಗಾಡಿ ಹತ್ತುವ ಮೊದಲು ಗಾಜು ನೋಡಿ. ತಣ್ಣನೆ ಹೊತ್ತಿನಲ್ಲೂ ಎಲ್ಲ ಗಾಡಿಗಳು ನಲವತ್ತೊಂದು ಎಂದರೆ ಹತ್ತಬೇಡಿ. ಒಬ್ಬಳೂ ಹತ್ತಬೇಡಿ. ಒಬ್ಬಳು ಹತ್ತಿದರೂ ಉಳಿದವರನ್ನು ಹತ್ತಿಸುತ್ತಾರೆ. ಹೊಸ ಕೆಲಸ, ಹೊಸ ಸಾಹೇಬರು, ಹೆದರಿಕೆಯಾಗುತ್ತದೆ, ನನಗೆ ಗೊತ್ತು. ನನಗೂ ಹೆದರಿಕೆಯಿದೆ. ನಾಳೆ ನನ್ನ ಮೇಲೆ ಕೇಸು ಹಾಕಬಹುದು, ಮನೆಯ ಮುಂದೆ ಜನ ಬಂದು ನಿಲ್ಲಬಹುದು. ಬಾಗಿಲ ಸದ್ದಾದರೆ ಈಗಲೂ ಬೆಚ್ಚುತ್ತೇನೆ. ಹೆದರಿಕೆ ಹೋದಮೇಲೆ ಬರೆಯೋಣವೆಂದು ಕಾದರೆ ಹದಿನೇಳು ಕಾಯುವುದಿಲ್ಲ.

ಇದನ್ನೆಲ್ಲ ಯಾರು ಹೇಳಿದರೆಂದು ಗದರಿಸಿ ಕೇಳುತ್ತಾರೆ. ಚಹಾದಂಗಡಿಯವಳ ಹೆಸರು ಹೇಳಬೇಡಿ, ಕಾಗದ ತಂದವಳ ಹೆಸರು ಹೇಳಬೇಡಿ. ನನ್ನ ಹೆಸರು ಹೇಳಿ. ಪೂರ್ತಿ ಹೆಸರು ಹೇಳಿ.

ರೇಣುಕಾ ಭೀಮಪ್ಪ ಹೊಸಮನಿ
ಹಾಜರಿ ನಂಬರ್ ಒಂಬತ್ತು, ಹೊರ್ತಿ ಪ್ಲಾಂಟ್